ಸಿಂಥೆಟಿಕ್ ಬಯಾಲಜಿ ನೀತಿ: ಕಾಸರಗೋಡಿನಿಂದ ನಮ್ಮ ಅಹವಾಲು ಬರೆಯುವುದು ಹೇಗೆ?

ಇದು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ತೋಟ, ಗದ್ದೆ, ಹಟ್ಟಿ ಇಟ್ಟುಕೊಂಡಿರುವವರಿಗೆ, ಪಂಚಾಯತ್ ಸದಸ್ಯರಿಗೆ, ಊರ ಗ್ರಂಥಾಲಯ ನಡೆಸುವವರಿಗೆ, ಮತ್ತೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಮಂಗಳೂರಿನಲ್ಲೋ ಜೀವಶಾಸ್ತ್ರ ಓದುತ್ತಿರುವ ನಮ್ಮ ಮಕ್ಕಳಿಗೆ. ಸಿಂಥೆಟಿಕ್ ಬಯಾಲಜಿಗೆ ದೇಶಕ್ಕೊಂದು ನೀತಿ ಬೇಕು ಎಂಬ ಮಾತು ದೆಹಲಿಯಲ್ಲಿ ಶುರುವಾಗಿ ವರ್ಷಗಳಾದವು. ಆ ನೀತಿಯಲ್ಲಿ ನಮ್ಮ ಮಾತೂ ಇರಬೇಕು. ಅದಕ್ಕೆ ಏನು ತಿಳಿದುಕೊಳ್ಳಬೇಕು, ಏನು ಕೇಳಬೇಕು, ಕಾಗದ ಹೇಗೆ ಬರೆಯಬೇಕು ಎಂದು ಇಲ್ಲಿ ಹೇಳುತ್ತೇನೆ.

ಮೊದಲು ವಿಷಯ ಏನು ಅಂತ ನೋಡೋಣ. ಜೀವಿಯ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ಓದುತ್ತಾರೆ, ಬೇಕಾದ ಹಾಗೆ ಬದಲಿಸಿ ಬರೆಯುತ್ತಾರೆ, ಬರೆದದ್ದನ್ನು ಲ್ಯಾಬಿನಲ್ಲಿ ತಯಾರಿಸಿ ಜೀವಕೋಶದೊಳಗೆ ಹಾಕುತ್ತಾರೆ. ಕೆಲಸ ಇಷ್ಟೇ. ಹಳೆಯ ಕುಲಾಂತರಿ ವಿಧಾನದಲ್ಲಿ ಒಂದೆರಡು ಜೀನ್ (ಒಂದು ಗುಣಕ್ಕೆ ಕಾರಣವಾಗುವ ಡಿಎನ್‌ಎ ತುಂಡು) ತಂದು ಸೇರಿಸುತ್ತಿದ್ದರು. ಇಲ್ಲಿ ಒಂದಾದ ಮೇಲೊಂದು ಕೆಲಸ ಮಾಡುವ ಜೀನ್‌ಗಳ ಇಡೀ ಸಾಲನ್ನೇ ಕೂರಿಸುತ್ತಾರೆ, ಕೆಲವೊಮ್ಮೆ ಪೂರ್ತಿ ಜೀನೋಮನ್ನೇ, ಅಂದರೆ ಜೀವಿಯ ಇಡೀ ಡಿಎನ್‌ಎಯನ್ನೇ, ಹೊಸದಾಗಿ ಬರೆಯುತ್ತಾರೆ. 2010ರಲ್ಲಿ ಅಮೆರಿಕದ ಕ್ರೇಗ್ ವೆಂಟರ್ ತಂಡ ಸುಮಾರು 10.8 ಲಕ್ಷ ಡಿಎನ್‌ಎ ಅಕ್ಷರಗಳ ಒಂದು ಬ್ಯಾಕ್ಟೀರಿಯಾ ಜೀನೋಮನ್ನು ಲ್ಯಾಬಿನಲ್ಲೇ ತಯಾರಿಸಿ, ಬೇರೆ ಬ್ಯಾಕ್ಟೀರಿಯಾದ ಕೋಶಕ್ಕೆ ಹಾಕಿ ಬದುಕಿಸಿ ತೋರಿಸಿತು. 2016ರಲ್ಲಿ ಅದೇ ತಂಡ ಬರೀ 473 ಜೀನ್‌ಗಳಲ್ಲಿ ಬದುಕುವ ಬ್ಯಾಕ್ಟೀರಿಯಾ ಮಾಡಿತು.

ನಮ್ಮ ದೇಶದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ 2022ರಲ್ಲಿ ಸಿಂಥೆಟಿಕ್ ಬಯಾಲಜಿ ಬಗ್ಗೆ ಒಂದು ಕರಡು ಮುನ್ನೋಟ ಪತ್ರ ಹೊರತಂದು, ರಾಷ್ಟ್ರೀಯ ನೀತಿ ಬೇಕು ಎಂದು ಅದರಲ್ಲೇ ಹೇಳಿತು. 2024ರ ಆಗಸ್ಟ್ 24ರಂದು ಕೇಂದ್ರ ಸಂಪುಟ ಬಯೋಇ3 ಎಂಬ ನೀತಿಗೆ ಒಪ್ಪಿಗೆ ಕೊಟ್ಟಿತು. ಅದರ ಗಮನ ಹೆಚ್ಚಾಗಿ ಉತ್ಪಾದನೆ, ಉದ್ಯೋಗದ ಕಡೆಗೆ. ಸುರಕ್ಷತೆ, ಹೊಣೆಯ ವಿಷಯ ಬಂದಾಗ ನಾವು ಇನ್ನೂ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗಿನ 1989ರ ನಿಯಮಗಳನ್ನೇ ಹಿಡಿದುಕೊಂಡಿದ್ದೇವೆ. ಡಿಎನ್‌ಎಯನ್ನು ಇಂಟರ್‌ನೆಟ್ಟಿನಲ್ಲಿ ಆರ್ಡರ್ ಮಾಡಿ ತರಿಸಿಕೊಳ್ಳಬಹುದು ಎಂದು ಯಾರೂ ಊಹಿಸದ ಕಾಲದ ನಿಯಮಗಳು ಅವು.

ಮೊದಲ ಪ್ರಶ್ನೆ: ಟ್ಯಾಂಕಿನೊಳಗೋ, ತೋಟಕ್ಕೋ?

ಈ ತಂತ್ರಜ್ಞಾನದ ಯಾವ ಸುದ್ದಿ ಬಂದರೂ ಮೊದಲು ಇದನ್ನು ಕೇಳಿ. ಬದಲಾಯಿಸಿದ ಜೀವಿ ಮುಚ್ಚಿದ ಟ್ಯಾಂಕಿನಲ್ಲಿ ಕೆಲಸ ಮಾಡಿ ಅಲ್ಲೇ ಸಾಯುತ್ತದೋ, ಅಥವಾ ಮಣ್ಣು, ನೀರು, ಗಾಳಿಗೆ ಬರುತ್ತದೋ? ಈ ಎರಡನ್ನೂ ಒಂದೇ ಎಂದು ಹಿಡಿದು ಹೆದರುವುದೂ ತಪ್ಪು, ಒಂದೇ ಎಂದು ಹೊಗಳುವುದೂ ತಪ್ಪು.

ಟ್ಯಾಂಕಿನ ಕೆಲಸ ನಮಗೆ ಹೊಸತಲ್ಲ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ 1982ರಿಂದಲೇ ಈ ದಾರಿಯಲ್ಲಿ ಬರುತ್ತಿದೆ. ಬೆಂಗಳೂರಿನ ಬಯೋಕಾನ್ ಅದನ್ನು ಯೀಸ್ಟಿನಿಂದ ತಯಾರಿಸುತ್ತದೆ. ಹೆಪಟೈಟಿಸ್ ಬಿ ಲಸಿಕೆಯನ್ನು 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ಸ್ ಇಲ್ಲೇ ಮಾಡಿದ ಮೇಲೆ ಬಡವರ ಮಕ್ಕಳಿಗೂ ಅದು ಕೈಗೆಟುಕಿತು. ಮಲೇರಿಯಾ ಔಷಧ ಆರ್ಟಿಮಿಸಿನಿನ್ ಕಥೆ ಇನ್ನೂ ದೊಡ್ಡದು. ಅದು ಮೂಲದಲ್ಲಿ ಒಂದು ಗಿಡದಿಂದ ಬರುವ ಔಷಧ. ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ತಂಡ ಗಿಡದ ಜೀನ್‌ಗಳನ್ನು ಯೀಸ್ಟಿಗೆ ಕೂರಿಸಿ, 2006ರಲ್ಲಿ ಆ ಔಷಧದ ಮೂಲವಸ್ತುವನ್ನು ಯೀಸ್ಟಿನಿಂದಲೇ ತೆಗೆದು ತೋರಿಸಿತು. 2013ರಲ್ಲಿ ಸನೋಫಿ ಕಂಪನಿ ಕಾರ್ಖಾನೆ ಮಟ್ಟದಲ್ಲಿ ತಯಾರಿ ಶುರುಮಾಡಿತು. ಆದರೆ ಗಿಡದಿಂದ ಬರುವ ಔಷಧದ ದರ ಅಷ್ಟರಲ್ಲಿ ಇಳಿದಿತ್ತು, ಕೆಲವೇ ವರ್ಷಗಳಲ್ಲಿ ಆ ಘಟಕ ಬೇರೆ ಕಂಪನಿಯ ಕೈಗೆ ಹೋಯಿತು. ಲ್ಯಾಬಿನಲ್ಲಿ ಗೆದ್ದದ್ದೆಲ್ಲ ಪೇಟೆಯಲ್ಲಿ ಗೆಲ್ಲುವುದಿಲ್ಲ, ಅದನ್ನೂ ನೆನಪಿಟ್ಟುಕೊಳ್ಳಿ. ಟ್ಯಾಂಕಿನ ಉತ್ಪನ್ನಕ್ಕೆ ಕೇಳಬೇಕಾದ್ದು ಸ್ವಲ್ಪವೇ: ತ್ಯಾಜ್ಯ ಎಲ್ಲಿಗೆ ಹೋಗುತ್ತದೆ, ಹೊರಬಿಡುವ ಮೊದಲು ಜೀವಿಯನ್ನು ಪೂರ್ತಿ ಸಾಯಿಸುತ್ತಾರೋ, ಅದನ್ನು ಯಾರು ಪರೀಕ್ಷಿಸುತ್ತಾರೆ.

ತೋಟಕ್ಕೆ ಬರುವುದು ಬೇರೆಯೇ ಲೆಕ್ಕ. ಅಮೆರಿಕದಲ್ಲಿ ಪಿವಟ್ ಬಯೋ ಎಂಬ ಕಂಪನಿ, ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುವ ಹಾಗೆ ಜೀನ್ ತಿದ್ದಿದ ಬ್ಯಾಕ್ಟೀರಿಯಾವನ್ನು ಮೆಕ್ಕೆಜೋಳದ ಹೊಲಗಳಿಗೆ ಮಾರುತ್ತಿದೆ. ಯೂರಿಯಾ ಕಡಿಮೆ ಸಾಕಾದರೆ ರೈತನಿಗೂ ಒಳ್ಳೆಯದು, ಹೊಳೆಗೂ ಒಳ್ಳೆಯದು. ಆಕ್ಸಿಟೆಕ್ ಕಂಪನಿ ಡೆಂಗಿ ಹರಡುವ ಸೊಳ್ಳೆಯನ್ನೇ ಬದಲಿಸಿ ಬ್ರೆಜಿಲ್‌ನಲ್ಲಿ, 2021ರಿಂದ ಅಮೆರಿಕದ ಫ್ಲಾರಿಡಾದಲ್ಲಿ ಹೊರಗೆ ಬಿಟ್ಟಿದೆ. ಮಹಾರಾಷ್ಟ್ರದ ಜಾಲ್ನಾ ಹತ್ತಿರವೂ 2017ರಲ್ಲಿ ಪಂಜರದೊಳಗೆ ಪ್ರಯೋಗ ನಡೆದಿತ್ತು. ಮಳೆಗಾಲದಲ್ಲಿ ಅಡಿಕೆ ಹಾಳೆಯಲ್ಲಿ ನಿಂತ ನೀರಿಗೆ ಸೊಳ್ಳೆ ಮೊಟ್ಟೆ ಇಡುವುದನ್ನು ನೋಡುತ್ತಲೇ ಇರುವ ನಮಗೆ ಇಂಥದ್ದರ ಉಪಯೋಗ ಯಾರೂ ವಿವರಿಸಬೇಕಾಗಿಲ್ಲ. ಆದರೂ ಪ್ರಶ್ನೆ ಬೇಕು. ಎಷ್ಟು ಕಾಲ ಬದುಕುತ್ತದೆ? ಎಷ್ಟು ದೂರ ಹೋಗುತ್ತದೆ? ಅದರ ಜೀನ್ ಬೇರೆ ಸೂಕ್ಷ್ಮಾಣುವಿಗೆ ದಾಟುತ್ತದೋ? ಕೆಲಸ ಮುಗಿದ ಮೇಲೆ ತಾನಾಗಿ ಸಾಯುವ ಹಾಗೆ 'ಕಿಲ್ ಸ್ವಿಚ್' ಇಟ್ಟಿದ್ದೇವೆ ಎನ್ನುತ್ತಾರೆ. ಬ್ಯಾಕ್ಟೀರಿಯಾ ಬೇಗ ಬೇಗ ಸಂತತಿ ಬೆಳೆಸುವಾಗ ಮ್ಯುಟೇಶನ್ (ಡಿಎನ್‌ಎಯಲ್ಲಿ ತಾನಾಗಿ ಆಗುವ ಬದಲಾವಣೆ) ಆಗಿ ಆ ಸ್ವಿಚ್ಚೇ ಕೆಟ್ಟುಹೋಗುವುದುಂಟು, ವಿಜ್ಞಾನಿಗಳೇ ಇದನ್ನು ಹೇಳಿದ್ದಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಅದನ್ನು ಪರೀಕ್ಷಿಸಿದ್ದೀರಾ ಎಂದು ಕೇಳಿ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಟ್ರೈಕೋಡರ್ಮಾ, ಸುಡೋಮೊನಾಸ್ ಪೊಟ್ಟಣಗಳು ಸಿಂಥೆಟಿಕ್ ಬಯಾಲಜಿ ಅಲ್ಲ. ಅವು ಮಣ್ಣಿನಲ್ಲಿ ಮೊದಲೇ ಇರುವ ಜೀವಿಗಳು. ಸುಮ್ನೆ ಅವುಗಳ ಮೇಲೆ ಸಂಶಯ ಪಡಬೇಡಿ. ಆದರೆ ಲೇಬಲ್ ಓದುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಪೊಟ್ಟಣ ತಿರುಗಿಸಿ ನೋಡಿದರೆ ಜೀವಿಯ ಪೂರ್ತಿ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ, ಒಂದು ಗ್ರಾಮಿನಲ್ಲಿ ಎಷ್ಟು ಜೀವಂತ ಕೋಶ ಇದೆ ಎಂಬ ಸಂಖ್ಯೆ ಕಾಣಬೇಕು. ಜೈವಿಕ ಗೊಬ್ಬರವಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ, ಜೈವಿಕ ಕೀಟನಾಶಕವಾದರೆ 1968ರ ಕೀಟನಾಶಕ ಕಾಯ್ದೆಯ ಪ್ರಕಾರ ನೋಂದಣಿ ಇರಬೇಕು. ಬರೀ 'ಬಯೋ' ಎಂದು ದೊಡ್ಡದಾಗಿ ಬರೆದು ಜೀವಿಯ ಹೆಸರೇ ಇಲ್ಲದಿದ್ದರೆ ತೆಗೆದುಕೊಳ್ಳಬೇಡಿ, ಕೃಷಿ ಭವನದಲ್ಲಿ ಕೇಳಿ. ನಾಳೆ ಜೀನ್ ತಿದ್ದಿದ ಜೀವಿ ಇದೇ ಕಪಾಟಿಗೆ ಬಂದರೆ ಲೇಬಲ್ಲಿನಲ್ಲಿ ಅದನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಯಬೇಕು ಎಂದು ನೀತಿಯಲ್ಲೇ ಕೇಳುವ ಹಕ್ಕು ನಮಗಿದೆ.

ನಮ್ಮ ಬೆಳೆಯ ಬದಲಿಗೆ ಬಂದರೆ?

ಟ್ಯಾಂಕಿನ ಜೀವಿ ಹೊರಗೆ ಬಾರದಿದ್ದರೂ ಟ್ಯಾಂಕಿನ ಮಾಲು ಪೇಟೆಗೆ ಬಂದೇ ಬರುತ್ತದೆ. ನೀತಿಯ ಚರ್ಚೆಯಲ್ಲಿ ಇದನ್ನು ಬೇಗ ಮರೆಯುತ್ತಾರೆ, ಹಾಗಾಗಿ ನಾವು ನೆನಪಿಸಬೇಕು.

ತೆಂಗಿನೆಣ್ಣೆಯ ಹೆಚ್ಚು ಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಸಾಬೂನು, ಡಿಟರ್ಜೆಂಟ್ ಕಂಪನಿಗಳಿಗೆ ಬೇಕಾದ್ದು ಅದೇ. ಅಮೆರಿಕದ ಸೊಲಾಝೈಮ್ ಎಂಬ ಕಂಪನಿ ಪಾಚಿಯ ಜೀನ್ ಬದಲಿಸಿ ಲಾರಿಕ್ ಜಾಸ್ತಿ ಇರುವ ಎಣ್ಣೆ ತೆಗೆಯಿತು. 2014ರಲ್ಲಿ ಯುರೋಪಿನ ಇಕೋವರ್ ಎಂಬ ಕಂಪನಿ ಅದನ್ನು ಬಟ್ಟೆ ಒಗೆಯುವ ದ್ರವದಲ್ಲಿ ಬಳಸುತ್ತೇವೆ ಎಂದಾಗ ಪರಿಸರ ಸಂಘಟನೆಗಳು ತೆಂಗು ಬೆಳೆಗಾರರ ಹೆಸರು ಹೇಳಿಯೇ ವಿರೋಧಿಸಿದವು. ಸೊಲಾಝೈಮ್ ಹೆಸರು ಬದಲಿಸಿಕೊಂಡು 2017ರಲ್ಲಿ ದಿವಾಳಿಯಾಯಿತು. ಆ ಸಲ ತೆಂಗಿಗೆ ಏನೂ ಆಗಲಿಲ್ಲ. ಆದರೆ ತಂತ್ರ ಸತ್ತಿಲ್ಲ, ಅದನ್ನು ಬೇರೆಯವರು ಕೊಂಡುಕೊಂಡಿದ್ದಾರೆ. ವೆನಿಲ್ಲಾ ವಾಸನೆಯ ವೆನಿಲಿನ್ನನ್ನೂ ಯೀಸ್ಟಿನಿಂದ ತೆಗೆಯುತ್ತಾರೆ. 2003ರ ಸುಮಾರಿಗೆ ವೆನಿಲ್ಲಾ ದರ ಆಕಾಶಕ್ಕೇರಿ ಆಮೇಲೆ ಪಾತಾಳಕ್ಕೆ ಬಿದ್ದದ್ದನ್ನು ಕಂಡವರು ನಮ್ಮಲ್ಲಿ ಮನೆ ಮನೆಯಲ್ಲಿದ್ದಾರೆ. ಅಷ್ಟು ದುಡಿದು ಹೂವಿಗೆ ಕೈಯಾರೆ ಪರಾಗಸ್ಪರ್ಶ ಮಾಡಿ ಬೆಳೆದವರ ಮುಂದೆ ದೂರದ ಒಂದು ಪೇಟೆ ಹೇಗೆ ಒಂದೇ ವರ್ಷದಲ್ಲಿ ಬಾಗಿಲು ಹಾಕುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಇದನ್ನು ಬರೆಯಿರಿ: ಯಾವುದೇ ಬೆಳೆಗೆ ಬದಲಿ ಮಾಲನ್ನು ಸರಕಾರಿ ಹಣದಿಂದ ಬೆಳೆಸುವ ಮೊದಲು, ಆ ಬೆಳೆಯನ್ನೇ ನಂಬಿದ ಜಿಲ್ಲೆಗಳಲ್ಲಿ ಏನಾಗುತ್ತದೆ ಎಂಬ ಅಧ್ಯಯನ ಕಡ್ಡಾಯವಾಗಬೇಕು.

ನಮಗೆ ಏನು ಬೇಕು ಎಂದೂ ಬರೆಯಿರಿ

ಬರೀ ಆಕ್ಷೇಪ ಕಳಿಸಿದರೆ ಓದುವವರು ಪಕ್ಕಕ್ಕಿಡುತ್ತಾರೆ. ಅದೂ ಅಲ್ಲದೆ, ಈ ವಿಜ್ಞಾನದಿಂದ ನಮಗೆ ನಿಜವಾಗಿ ಬೇಕಾದ್ದು ಇದೆ. ಅಡಿಕೆಯ ಹಳದಿ ಎಲೆ ರೋಗವನ್ನೇ ನೋಡಿ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವ ರೋಗ, ಕೇರಳದಲ್ಲಿ 1914ರಲ್ಲೇ ವರದಿಯಾಗಿತ್ತು. ಎಲೆ ಹಳದಿಯಾಗಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಕೋವಿಡ್ ಸಮಯದಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಡಿಎನ್‌ಎಯ ಬೇಕಾದ ಭಾಗವನ್ನು ಹುಡುಕುವ ಕ್ರಿಸ್ಪರ್ ತಂತ್ರದಿಂದ ಫೆಲುಡಾ ಎಂಬ ಕಾಗದದ ಪಟ್ಟಿಯ ಪರೀಕ್ಷೆ ಮಾಡಿದರು, 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ಅನುಮತಿಯೂ ಸಿಕ್ಕಿತು. ಅಂಥದ್ದೇ ಪಟ್ಟಿ ಅಡಿಕೆ ಸಸಿಗೆ ಬಂದರೆ, ನರ್ಸರಿಯಿಂದ ಸಸಿ ತರುವ ಮೊದಲೇ ರೋಗ ಇದೆಯೋ ಇಲ್ಲವೋ ನೋಡಿಕೊಳ್ಳಬಹುದು. ಇದರಲ್ಲಿ ಹೊರಗೆ ಬಿಡುವ ಜೀವಿ ಯಾವುದೂ ಇಲ್ಲ. ಕಾಸರಗೋಡಿನ ಕುಡ್ಲುವಿನಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಇದೆ, ವಿಟ್ಲದಲ್ಲಿ ಅದರ ಪ್ರಾದೇಶಿಕ ಕೇಂದ್ರ ಇದೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಜಾಗ ಕುಡ್ಲುವಿನದು. ಈ ತಂತ್ರಜ್ಞಾನಕ್ಕೆ ಹಾಕುವ ದುಡ್ಡಿನಲ್ಲಿ ಒಂದು ಪಾಲು ತೋಟದ ಬೆಳೆಗಳ ರೋಗಕ್ಕೆ ಮೀಸಲಿಡಿ ಎಂದು ಹೆಸರು ಹಿಡಿದೇ ಕೇಳಿ.

ಎಂಡೋಸಲ್ಫಾನ್ ಕಲಿಸಿದ್ದನ್ನು ನೀತಿಯ ಭಾಷೆಗೆ ತನ್ನಿ

ನಮ್ಮ ಅಹವಾಲಿನ ಜೀವ ಇಲ್ಲಿದೆ. ಇದನ್ನು ನಮ್ಮಷ್ಟು ಅಧಿಕಾರದಿಂದ ಹೇಳುವ ಜಿಲ್ಲೆ ದೇಶದಲ್ಲಿ ಬೇರೆ ಇಲ್ಲ.

1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಎಣ್ಮಕಜೆಯ ಪಡ್ರೆಯಂಥ ಕಡೆ ನೀರಿನ ಮೂಲ ಏನು ಎಂಬುದನ್ನು ಆ ಸಿಂಪಡಣೆಗೆ ಒಪ್ಪಿಗೆ ಕೊಟ್ಟವರು ನೋಡಿದ್ದರೆ ಸಾಕಿತ್ತು. ಗುಡ್ಡದ ಬದಿಗೆ ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡಡ್ಡ ಕೊರೆದ ಸುರಂಗ, ಅದರೊಳಗಿಂದ ಜಿನುಗುವ ನೀರು, ದಂಬೆಯಲ್ಲೋ ಪೈಪಿನಲ್ಲೋ ಹರಿದು ಮನೆ ಹಿಂದಿನ ತೆರೆದ ಟಾಂಕಿಗೆ ಬೀಳುತ್ತದೆ, ಅದನ್ನೇ ಕುಡಿಯುವುದು, ಅದನ್ನೇ ದನಕ್ಕೆ, ತೋಟಕ್ಕೆ ಬಿಡುವುದು. ಮುಚ್ಚಳ ಹಾಕುವ ಬಾವಿಯೂ ಅಲ್ಲ ಅದು. ಮೇಲಿನ ಗುಡ್ಡದಲ್ಲಿ ಬಿದ್ದದ್ದು ಕೆಳಗೆ ಇಳಿದೇ ಇಳಿಯುತ್ತದೆ. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಹಜ ಕಾಯಿಲೆಗಳನ್ನು ಗುರುತಿಸಿದರು, ಪತ್ರಕರ್ತ ಶ್ರೀ ಪಡ್ರೆ ಬರೆದರು. ಸರಕಾರದ ಯಾವ ವ್ಯವಸ್ಥೆಗೂ ಕಾಣದ್ದು ಊರಿನವರ ಕಣ್ಣಿಗೆ ಕಂಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದು ಅದೇ ಕೋರ್ಟು 2017ರಲ್ಲಿ ಹೇಳಿತು. 2022ರಲ್ಲೂ ಹಣ ಸಿಗದವರು ಮತ್ತೆ ಕೋರ್ಟಿನ ಬಾಗಿಲಿಗೇ ಹೋಗಬೇಕಾಯಿತು.

ಎಂಡೋಸಲ್ಫಾನ್ ರಾಸಾಯನಿಕ, ಸಿಂಥೆಟಿಕ್ ಬಯಾಲಜಿ ಬೇರೆ ವಿಷಯ. ಎರಡನ್ನೂ ಒಂದೇ ಎಂದು ಬರೆಯಬೇಡಿ, ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಸಿಂಪಡಣೆಯನ್ನು ಒಂದು ಆದೇಶದಿಂದ ನಿಲ್ಲಿಸಬಹುದು, ಬದುಕಿ ಹೆಚ್ಚುವ ಜೀವಿಯನ್ನು ಆದೇಶ ಕೊಟ್ಟು ವಾಪಸು ಕರೆಯಲಾಗುವುದಿಲ್ಲ. ಆದ್ದರಿಂದ ನಾವು ಕೇಳುವುದೆಲ್ಲ 'ಬಿಡುವ ಮೊದಲು' ಆಗಬೇಕಾದ ಕೆಲಸ.

ಒಂದು, ಮೊದಲೇ ದಾಖಲೆ. ಆ ಊರಿನ ನೀರು, ಮಣ್ಣು, ಜೇನು, ಜಾನುವಾರು, ಜನರ ಆರೋಗ್ಯ ಹೇಗಿದೆ ಎಂದು ಬಿಡುವ ಮೊದಲೇ ಬರೆದಿಡಬೇಕು. ಎಂಡೋಸಲ್ಫಾನ್ ಜಗಳ ಇಷ್ಟು ವರ್ಷ ಎಳೆದದ್ದು ಇದಿಲ್ಲದೆ. ಮೊದಲು ಹೇಗಿತ್ತು ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲದಿದ್ದರೆ, ಆಮೇಲೆ ಏನಾಯಿತು ಎಂದು ಸಾಬೀತು ಮಾಡುವ ಭಾರ ಹಾಸಿಗೆ ಹಿಡಿದ ಮಗುವಿನ ತಾಯಿಯ ಮೇಲೆ ಬೀಳುತ್ತದೆ. ಎರಡು, ಗ್ರಾಮಸಭೆಯಲ್ಲಿ ಆ ಊರಿನ ಭಾಷೆಯಲ್ಲಿ ಮುಂಚಿತ ತಿಳಿವಳಿಕೆ. ಮೂರು, ಹಣ ಮೊದಲೇ ಠೇವಣಿ. ಹಾನಿಯ ಹೊಣೆ, ಪರಿಹಾರದ ಬಗ್ಗೆ 2010ರ ನಗೋಯಾ–ಕ್ವಾಲಾಲಂಪುರ ಪೂರಕ ಒಪ್ಪಂದ ಇದೆ, ಭಾರತವೂ ಅದರೊಳಗಿದೆ. ಅದರ ಆಶಯ ನಮ್ಮ ನೀತಿಯಲ್ಲಿ ರೂಪಾಯಿ ಲೆಕ್ಕದಲ್ಲಿ ಕಾಣಬೇಕು. ಸಂತ್ರಸ್ತರು ಕೋರ್ಟಿಗೆ ಅಲೆಯುವ ಪಾಡು ಇನ್ನೊಂದು ಊರಿಗೆ ಬರಬಾರದು.

ಗಡಿಯ ಮಾತು ನಾವೇ ಹೇಳಬೇಕು

ಕುಲಾಂತರಿ ಬೆಳೆಯ ಹೊಲದ ಪ್ರಯೋಗಕ್ಕೆ ಈಗ ಆಯಾ ರಾಜ್ಯದ ಒಪ್ಪಿಗೆ ಪತ್ರ ಬೇಕು. ಕೇರಳ ಬೇಡ ಎಂದಿತು, ಕರ್ನಾಟಕ ಆಯಿತು ಎಂದಿತು ಅಂತ ಇಟ್ಟುಕೊಳ್ಳಿ. ಪುತ್ತೂರು, ಬಂಟ್ವಾಳ ತಾಲೂಕಿನ ತೋಟಕ್ಕೂ ಎಣ್ಮಕಜೆಯ ತೋಟಕ್ಕೂ ನಡುವೆ ಕೆಲವು ಕಡೆ ಒಂದು ಅಗಳು ಮಾತ್ರ ಇದೆ. ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ, ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಆಂಬುಲೆನ್ಸ್ ತಡೆಯಲು ಆಯಿತು. ಜೇನುನೊಣವನ್ನೂ ಹೊಳೆಯನ್ನೂ ಹಾಗೆ ತಡೆಯಲಾಗುವುದಿಲ್ಲ. ಗಡಿಯಿಂದ ಇಷ್ಟು ಕಿಲೋಮೀಟರಿನೊಳಗೆ, ಅಥವಾ ಬೇರೆ ರಾಜ್ಯಕ್ಕೆ ಹರಿಯುವ ಹೊಳೆಯ ಪಾತ್ರದಲ್ಲಿ ಏನೇ ಬಿಡುವುದಿದ್ದರೂ ಎರಡೂ ರಾಜ್ಯಗಳ, ಎರಡೂ ಕಡೆಯ ಪಂಚಾಯತುಗಳ ಒಪ್ಪಿಗೆ ಬೇಕು ಎಂದು ಬರೆಯಿರಿ. ರಾಜ್ಯಕ್ಕೊಂದು ನಿಯಮ ಸಾಲದು, ರಾಷ್ಟ್ರೀಯ ನೀತಿಯೇ ಬೇಕು ಎನ್ನಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ.

ಇನ್ನೆರಡು ವಿಷಯ, ಚಿಕ್ಕದಾಗಿ

ಜೀನಿನ ಮಾಹಿತಿ: ಈಗ ಬೀಜ ಕದಿಯಬೇಕಾಗಿಲ್ಲ, ಅದರ ಡಿಎನ್‌ಎ ಸಾಲು ಕಂಪ್ಯೂಟರಿನಲ್ಲಿ ಸಿಕ್ಕಿದರೆ ಸಾಕು. ಬೇಳೇರಿ ಸತ್ಯನಾರಾಯಣರು ನಮ್ಮ ಜಿಲ್ಲೆಯಲ್ಲೇ ಕೂತು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದವರು, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ತಳಿಯ ಮಾಹಿತಿಯಿಂದ ಎಲ್ಲೋ ಕುಳಿತ ಕಂಪನಿ ದುಡ್ಡು ಮಾಡಿದರೆ ಉಳಿಸಿದವರಿಗೆ, ಆ ಊರಿಗೆ ಪಾಲು ಬರಬೇಕಲ್ವಾ? ಇದಕ್ಕಾಗಿಯೇ 2025ರ ಫೆಬ್ರವರಿಯಲ್ಲಿ, ಕೊಲಂಬಿಯಾದ ಕಾಲಿ ನಗರದ ಹೆಸರಿನ 'ಕಾಲಿ ನಿಧಿ' ಎಂಬ ಅಂತರರಾಷ್ಟ್ರೀಯ ನಿಧಿ ಶುರುವಾಗಿದೆ. ಕಂಪನಿಗಳು ಲಾಭದ ನೂರಕ್ಕೆ 1 ಅಥವಾ ವಹಿವಾಟಿನ ನೂರಕ್ಕೆ 0.1ರಷ್ಟು ಹಾಕಬೇಕು ಎನ್ನುತ್ತದೆ, ಆದರೆ ಅದು ಸ್ವಇಚ್ಛೆಯದು. ನಮ್ಮ ನೀತಿಯಲ್ಲಿ ಕಡ್ಡಾಯ ಮಾಡಿ ಎಂದು ಕೇಳಬಹುದು. ನಿಮ್ಮ ಪಂಚಾಯತಿನ ಜೀವವೈವಿಧ್ಯ ದಾಖಲೆಯಲ್ಲಿ ಊರ ತಳಿಗಳು ಬರೆದಿವೆಯೇ ನೋಡಿ, ಇಲ್ಲದಿದ್ದರೆ ಬರೆಸಿ.

ಡಿಎನ್‌ಎ ಮಾರಾಟ: 2002ರಲ್ಲಿ ಪೋಲಿಯೋ ವೈರಸ್ಸನ್ನು ಲ್ಯಾಬಿನಲ್ಲಿ ಬರೀ ಮಾಹಿತಿಯಿಂದ ತಯಾರಿಸಿದರು. ಕುದುರೆ ಸಿಡುಬಿನ ವೈರಸ್ಸನ್ನು ಕೆನಡಾದ ತಂಡ ಅಂಚೆಯಲ್ಲಿ ತರಿಸಿದ ಡಿಎನ್‌ಎ ತುಣುಕುಗಳಿಂದ ಮಾಡಿ 2018ರಲ್ಲಿ ಪ್ರಕಟಿಸಿತು. ಡಿಎನ್‌ಎ ಮಾರುವ ದೊಡ್ಡ ಕಂಪನಿಗಳು ಆರ್ಡರ್ ಬಂದಾಗ ಅದು ಅಪಾಯದ ವೈರಸ್ಸಿನದೋ ಎಂದು ತಾವಾಗಿಯೇ ತಪಾಸಣೆ ಮಾಡುತ್ತವೆ. ತಾವಾಗಿ ಎಂಬುದು ಸಾಲದು, ಕಾನೂನು ಬೇಕು.

ಈಗ ಕಾಗದ

ಕರಡು ಬರಲಿ ಎಂದು ಕಾಯಬೇಡಿ. 2014ರ ಪೂರ್ವ ಸಮಾಲೋಚನಾ ನೀತಿ ಪ್ರಕಾರ ಕೇಂದ್ರದ ಕರಡು ಕಾನೂನುಗಳಿಗೆ ಅಭಿಪ್ರಾಯ ಕಳಿಸಲು ಕನಿಷ್ಠ 30 ದಿನ ಕೊಡಬೇಕು. ಆ 30 ದಿನದಲ್ಲಿ ಓದಿ, ಸಭೆ ಸೇರಿ, ಬರೆಯುವುದು ಆಗದ ಕೆಲಸ. ಈಗಲೇ ತಯಾರು ಇಟ್ಟುಕೊಂಡರೆ ಆಗ ತಾರೀಕು ಹಾಕಿ ಕಳಿಸಬಹುದು. ಇದು ಖಾಲಿ ನಿರೀಕ್ಷೆಯೂ ಅಲ್ಲ. ಕುಲಾಂತರಿ ಸಾಸಿವೆ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರೂ, ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ಬೇಕು, ರಾಜ್ಯಗಳನ್ನೂ ರೈತರನ್ನೂ ಕೇಳಿ ಮಾಡಬೇಕು ಎಂಬುದರಲ್ಲಿ ಒಂದಾದರು. 2010ರಲ್ಲಿ ಬಿಟಿ ಬದನೆ ಎಂಬ ಕುಲಾಂತರಿ ಬೆಳೆಯನ್ನು ತಡೆಹಿಡಿದದ್ದು ಏಳು ಊರುಗಳಲ್ಲಿ ಜನರ ಮಾತು ಕೇಳಿದ ಮೇಲೆ. ಬರೆದದ್ದಕ್ಕೆ, ಹೇಳಿದ್ದಕ್ಕೆ ಬೆಲೆ ಇದೆ.

ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆಯ ಅಹವಾಲನ್ನು ಕೇಂದ್ರದ ಯಾವ ಅಧಿಕಾರಿಗೂ ದೇಶದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಕೇರಳ ಸರಕಾರಕ್ಕಾದರೆ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿ ಪತ್ರ ವ್ಯವಹಾರದ ಹಕ್ಕು ಕೊಟ್ಟಿದೆ. ಹಾಗಾಗಿ ಕಾಗದಕ್ಕೆ 'ಅಹವಾಲು' ಎಂದೇ ತಲೆಬರಹ ಕೊಡಿ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪುಟದ ಸಾರಾಂಶ ಸೇರಿಸಿದರೆ ಅಲ್ಲಿ ಬೇಗ ಓದುತ್ತಾರೆ. ಆ ಪುಟವನ್ನು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರ ಹತ್ತಿರ ಬರೆಸಿ.

ಕಾಗದ ಉದ್ದ ಬೇಡ. ಉದಾಹರಣೆಗೆ ಹೀಗೆ ಶುರುಮಾಡಬಹುದು:

"ಮಾನ್ಯರೇ, ನಾವು ಕೇರಳ ರಾಜ್ಯದ ಕಾಸರಗೋಡು ಜಿಲ್ಲೆಯ ಇಂಥ ಪಂಚಾಯತಿನ ಇಂಥ ವಾರ್ಡಿನ ಕೃಷಿಕರು. ನಮ್ಮ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಣೆ ಮಾಡಲಾಗಿತ್ತು. ಬದಲಾಯಿಸಿದ ಜೀವಿಗಳನ್ನು ಪರಿಸರಕ್ಕೆ ಬಿಡುವ ಬಗ್ಗೆ ನೀತಿ ರೂಪಿಸುವಾಗ ಕೆಳಗಿನ ವಿಷಯಗಳನ್ನು ಸೇರಿಸಬೇಕೆಂದು ಕೋರುತ್ತೇವೆ. ನಮ್ಮ ವಾರ್ಡಿನಲ್ಲಿ ಇಷ್ಟು ಸುರಂಗ, ಇಷ್ಟು ತೆರೆದ ಬಾವಿ ಕುಡಿಯುವ ನೀರಿನ ಮೂಲವಾಗಿವೆ..."

ಆ ಸಂಖ್ಯೆಗಳನ್ನು ನೀವೇ ಎಣಿಸಿ ತುಂಬಿ. ಆಶಾ ಕಾರ್ಯಕರ್ತೆಯರಿಗೆ, ಕುಟುಂಬಶ್ರೀಯವರಿಗೆ ಮನೆ ಮನೆಯ ವಿಷಯ ಗೊತ್ತಿರುತ್ತದೆ, ಅವರನ್ನು ಜೊತೆ ಮಾಡಿಕೊಳ್ಳಿ. ನಾಲ್ಕೈದು ಬೇಡಿಕೆ ಸಾಕು. ಪ್ರತಿಯೊಂದಕ್ಕೂ ನಿಮ್ಮ ಊರಿನ ಒಂದು ಕಾರಣ ಇರಲಿ.

ಒಬ್ಬರ ಸಹಿಗಿಂತ ಗ್ರಾಮಸಭೆಯ ನಿರ್ಣಯಕ್ಕೆ ತೂಕ ಜಾಸ್ತಿ. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವಾರ್ಡ್ ಮೆಂಬರೇ ಸಂಚಾಲಕರು, ಮತದಾರರಲ್ಲಿ ನೂರಕ್ಕೆ ಹತ್ತು ಜನ ಬರಬೇಕು. ಮನೆ ಕಟ್ಟುವ ಸಹಾಯ, ಪಿಂಚಣಿ ಪಟ್ಟಿ ಮುಗಿದ ಕೂಡಲೇ ಜನ ಎದ್ದು ಹೋಗುತ್ತಾರೆ, ಹಾಗಾಗಿ ವಿಷಯಪಟ್ಟಿಯಲ್ಲಿ ಮೇಲೆಯೇ ಇಡಲು ಮೆಂಬರ ಹತ್ತಿರ ಮೊದಲೇ ಮಾತಾಡಿ. ನಿರ್ಣಯವನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ. ಅದೇ ನಿರ್ಣಯವನ್ನು ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿನಲ್ಲಿ ಆ ಸಮಿತಿ ಇರಬೇಕು.

ಕಳಿಸುವುದು ದೆಹಲಿಯ ಜೈವಿಕ ತಂತ್ರಜ್ಞಾನ ಇಲಾಖೆಗೆ, ಪರಿಸರ ಸಚಿವಾಲಯಕ್ಕೆ, ಪ್ರತಿಗಳು ನಮ್ಮ ಸಂಸದರಿಗೆ, ಶಾಸಕರಿಗೆ ಮತ್ತು ಕೇರಳ ಜೀವವೈವಿಧ್ಯ ಮಂಡಳಿಗೆ. ಇ-ಮೇಲ್ ಮಾಡಲು ಅಕ್ಷಯ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿ. ಸ್ಪೀಡ್ ಪೋಸ್ಟಿನಲ್ಲೂ ಒಂದು ಹೋಗಲಿ, ರಶೀದಿ ಜೋಪಾನ ಮಾಡಿ.

ಇದರ ಜೊತೆಗೇ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. 1989ರ ನಿಯಮಗಳ 4ನೇ ನಿಯಮ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಎಂಬುದಿದೆ, ಬದಲಾಯಿಸಿದ ಜೀವಿಗಳಿಂದ ಅಪಾಯವಾದರೆ ಸ್ಥಳದಲ್ಲಿ ನೋಡಬೇಕಾದ್ದು ಅದೇ. ಕಾಸರಗೋಡು ಜಿಲ್ಲಾಧಿಕಾರಿ ಕಚೇರಿಗೆ ಮೂರೇ ಪ್ರಶ್ನೆ ಕೇಳಿ: ಈ ಸಮಿತಿ ನಮ್ಮ ಜಿಲ್ಲೆಯಲ್ಲಿ ರಚನೆಯಾಗಿದೆಯೇ? ಸದಸ್ಯರು ಯಾರು? ಕೊನೆಯ ಸಭೆ ಯಾವತ್ತು ನಡೆಯಿತು, ಅದರ ನಡಾವಳಿಯ ಪ್ರತಿ ಕೊಡಿ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಸಾಕು, ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ, ಅಥವಾ ಬಂದ ಉತ್ತರ ಸಾಲದಿದ್ದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಬಂದ ಉತ್ತರ ಏನೇ ಇರಲಿ, ಅದರ ಪ್ರತಿಯನ್ನು ದೆಹಲಿಗೆ ಕಳಿಸುವ ಅಹವಾಲಿಗೆ ಲಗತ್ತಿಸಿ.